ಹತ್ತು ನಿಮಿಷ ಕೂರಿಸುವ ವರ್ನಾ

ಬೆಳಿಗ್ಗೆ ಆರೂಕಾಲು. ನಮ್ಮ ಡುಲುತ್ ಊರಿನ ಗುಡ್ಡದ ಮೇಲಿನ ಗ್ಯಾರೇಜಿನಲ್ಲಿ ಅರವತ್ತೆರಡರ ವರ್ನಾ ಕಂಗಾಸ್ ನೆಲದ ಮೇಲೆ ಕಾಲು ಚಾಚಿ ಕೂತು, ಕೂತಲ್ಲೇ ದೋಣಿಯ ಹುಟ್ಟು ಹಾಕಿದಂತೆ ಎಳೆಯುವ ವ್ಯಾಯಾಮದ ರೋಯಿಂಗ್ ಮಷೀನೊಂದರ ಸರಪಳಿಗೆ ಎಣ್ಣೆ ಹಚ್ಚುತ್ತಿದ್ದಾರೆ. ಫೆಬ್ರವರಿಯ ಕೊನೆ. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ. ಮೂಲೆಯ ಹೀಟರು ಸದ್ದು ಮಾಡುತ್ತದೆಯೇ ಹೊರತು ಬಿಸಿ ಮಾಡುವುದಿಲ್ಲ.

“ಇಲ್ಲಿ ನೋಡಿ,” ಎಂದು ಮಷೀನಿನ ಪುಟ್ಟ ಪರದೆಯ ಗುಂಡಿ ಒತ್ತುತ್ತಾರೆ. ಮಾಲೀಕರು ಕೊಂಡ ದಿನದಿಂದ ಒಟ್ಟು ಎಷ್ಟು ದೂರ ಎಳೆದಿದ್ದಾರೆ ಎಂಬುದು ಅದರ ನೆನಪಿನಲ್ಲಿ ಉಳಿದಿರುತ್ತದೆ. ನಾಲ್ಕು ವರ್ಷದ ಹಳೆಯ ಮಷೀನು. ಇನ್ನೂರ ಹನ್ನೆರಡು ಮೀಟರ್! ಅವರ ಬಗ್ಗೆ ಬರೆಯಲು ಬಂದಿದ್ದ ನಾನು ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಇನ್ನೂರ ಹನ್ನೆರಡೇ.

“ಕಸದ ಡಬ್ಬಿ ಬೀದಿಗೆ ತಳ್ಳಿದ್ರೂ ಇದಕ್ಕಿಂತ ಜಾಸ್ತಿ ಆಗುತ್ತೆ,” ವರ್ನಾ ನಗುತ್ತಾರೆ. “ಹೋದ ವರ್ಷ ಒಂದು ಸಿಕ್ಕಿತ್ತು, ಪೂರ್ತಿ ಸೊನ್ನೆ. ಅದರ ಮೇಲೆ ಹನ್ನೊಂದು ಅಂಗಿ ಒಣಗ್ತಿದ್ವು.”

ವರ್ನಾ ಇಪ್ಪತ್ತೆರಡು ವರ್ಷ ಕಾಗದದ ಗಿರಣಿಯಲ್ಲಿ ಉರುಳೆಗಳ ರಿಪೇರಿ ಮಾಡಿದವರು. ಗಿರಣಿ ಮುಚ್ಚಿದ ಚಳಿಗಾಲದಲ್ಲಿ, ಯಾರೋ ಹಿಮದಲ್ಲಿ ಎಸೆದಿದ್ದ ರೋಯಿಂಗ್ ಮಷೀನನ್ನು ತಡೆಯಲಾರದೆ ಮನೆಗೆ ಎಳೆದು ತಂದರು. “ಗಿರಣಿದಾದ್ರೇನು, ಇದಾದ್ರೇನು, ಬೇರಿಂಗ್ ಬೇರಿಂಗೇ.” ಅಲ್ಲಿಂದ ಹನ್ನೊಂದು ವರ್ಷ, ಎಂಟುನೂರಕ್ಕೂ ಹೆಚ್ಚು ಮಷೀನು. ಬೇಡವಾದವನ್ನು ಜನರ ನೆಲಮಾಳಿಗೆಗಳಿಂದ ಹೊತ್ತು ತರುತ್ತಾರೆ, ಸರಿಮಾಡಿ ಬೇಕಾದವರಿಗೆ ಮಾರುತ್ತಾರೆ. ಎರಡೂ ಮಂಡಿ ಸವೆದಿವೆ. ಸಾಮಾನು ಹೊತ್ತು ಮೆಟ್ಟಿಲು ಹತ್ತುವಾಗ ಹೇಳಬಾರದ ಮಾತೆಲ್ಲ ಹೇಳುತ್ತಾರೆ.

ಅವರದೊಂದು ಪದ್ಧತಿಯಿತ್ತು. ಮಷೀನನ್ನು ಹೊರಗೆ ಸಾಗಿಸುವ ಮುಂಚೆ ಮಾಲೀಕರು ಕೊನೆಯ ಸಲ ಹತ್ತು ನಿಮಿಷ ಅದರ ಮೇಲೆ ಕೂತು ಎಳೆಯಬೇಕು. ಮುಂದಿನ ಗಾಳಿಚಕ್ರದ ಬಿಗಿ ಹೆಚ್ಚುಕಡಿಮೆ ಮಾಡುವ ಸನ್ನೆಕೋಲನ್ನು ಎಲ್ಲರೂ ಹತ್ತಕ್ಕೇ ಏರಿಸಿಟ್ಟಿರುತ್ತಾರೆ. ವರ್ನಾ ನಾಲ್ಕಕ್ಕೆ ಇಳಿಸುತ್ತಿದ್ದರು. “ಹೆಚ್ಚಿದ್ರೆ ಒಳ್ಳೇದು ಅಂತ ಇವರ ಲೆಕ್ಕ. ಎರಡು ದಿನಕ್ಕೆ ಸೊಂಟ ಹಿಡಿಯುತ್ತೆ, ಮೂರನೇ ದಿನ ಅಂಗಿ ಒಣಗ್ಸೋಕೆ ಶುರು. ಕೈಯಲ್ಲಿ ಜಗ್ಗಬೇಡಿ, ಕಾಲಲ್ಲಿ ಒದೀರಿ ಅಂತ ತೋರಿಸ್ತಿದ್ದೆ. ಏಳರಲ್ಲಿ ಇಬ್ಬರು, ಬೇಡ ಬಿಡಿ, ಇಲ್ಲೇ ಇರ್ಲಿ ಅಂತಿದ್ರು.” ಕೈಗೆ ಬಂದ ವ್ಯಾಪಾರ ಹೋಯಿತಲ್ಲ ಎಂದರೆ, “ಹೋಯ್ತು,” ಎಂದು ಭುಜ ಕುಣಿಸುತ್ತಾರೆ.

ಈ ಪದ್ಧತಿಯೇ ಕಳೆದ ನವೆಂಬರಿನಲ್ಲಿ ಅವರ ಜೀವ ಹಿಂಡಿತು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಲೈಲ್ ಥೋರ್ಸನ್ ಮಷೀನು ಒಯ್ಯಲು ಕರೆದಿದ್ದರು. ಎಂದಿನಂತೆ ವರ್ನಾ ಕೂರಿಸಿದರು. ಮೊದಲ ಮೂರು ನಿಮಿಷ ಲೈಲ್ ತಮಾಷೆ ಮಾಡುತ್ತಲೇ ಇದ್ದರು. ನಾಲ್ಕನೆಯದರಲ್ಲಿ ಮಾತು ನಿಂತಿತು. ಆ ತಣ್ಣನೆಯ ನೆಲಮಾಳಿಗೆಯಲ್ಲಿ ಮುಖದ ತುಂಬ ಬೆವರು; ಒಂದು ಕೈ ದವಡೆ ಉಜ್ಜುತ್ತಿತ್ತು.

“ಹಲ್ಲುನೋವು ಅಂದ, ಪುಣ್ಯಾತ್ಮ! ಗಿರಣೀಲಿ ಪ್ರಥಮ ಚಿಕಿತ್ಸೆ ಕಲಿಸಿದ್ರು ನಂಗೆ. ಅದು ಎದೇಲಿರೋ ಹಲ್ಲು ಅಂತ ಗೊತ್ತಾಯ್ತು. ಆ್ಯಂಬುಲೆನ್ಸ್ ಕರೆದ್ರೆ ಬೈತಾನೆ! ಪಕ್ಕದ್ಮನೆಯೋರ ಕಾರಿಗೆ ದಾರಿ ಅಡ್ಡ ಆಗುತ್ತಂತೆ.”

ಎದೆಯೊಡೆದು ಸಾಯುವಾಗಲೂ ನೆರೆಯವರ ಕಾರಿನ ಚಿಂತೆ! ನಮ್ಮ ಊರಿನವರು ಹೀಗೇ ಎಂದು ಗೊತ್ತಿದ್ದೂ ನಾನು ಬಾಯಿಬಿಟ್ಟುಕೊಂಡು ಕೂತೆ.

ಲೈಲ್ ಬದುಕಿದರು. ಅವರ ಹೆಂಡತಿ ಡೊರೀನ್, “ಆ ದರಿದ್ರ ಮಷೀನು ನನ್ನ ಕಣ್ಣಿಗೆ ಬೀಳಬಾರದು, ಒಯ್ದುಬಿಡು,” ಎಂದರು. ವರ್ನಾ ತಂದರು, ಮಾರಲು ಮನಸ್ಸಾಗದೆ ಹಳೆಯ ದುಪ್ಪಟಿ ಹೊದಿಸಿ ಗೋಡೆ ಪಕ್ಕ ಇಟ್ಟರು. ಅಂದಿನಿಂದ ಯಾರನ್ನೂ ಕೂರಿಸಿಲ್ಲ. “ಕೂರಿಸಿದ್ದು ನಾನೇ ತಾನೇ? ಎದೆ ಹೇಗಿದೆ ಅಂತ ಒಂದು ಮಾತು ಕೇಳ್ಲಿಲ್ಲ. ಈಗ ಸುಮ್ನೆ ಹೋಗ್ತೀನಿ, ಹೊತ್ಕೊಂಡು ಬರ್ತೀನಿ.” ಮಾತಾಡುತ್ತ ಎಣ್ಣೆಯ ಬಟ್ಟೆಯನ್ನು ಮಡಿಚಿ ಮಡಿಚಿ ಬೆರಳಷ್ಟು ಮಾಡಿದ್ದಾರೆ.

ಏಳಕ್ಕೆ ಹೊರಗೆ ಕಾರು ನಿಲ್ಲುತ್ತದೆ. ಗ್ಯಾರೇಜಿನ ಬಾಗಿಲು ತಳ್ಳಿ ಒಳಬಂದವರು ಲೈಲ್ ಥೋರ್ಸನ್! ವರ್ನಾ ನನಗೆ ಸುಳಿವೇ ಕೊಟ್ಟಿರಲಿಲ್ಲ. ಅವರಿಗೇ ನಿನ್ನೆ ರಾತ್ರಿ ಫೋನು ಬಂದದ್ದಂತೆ. ಲೈಲ್ ಹೃದ್ರೋಗಿಗಳ ವ್ಯಾಯಾಮ ಶಿಬಿರ ಮುಗಿಸಿದ್ದಾರೆ, ನಿಧಾನವಾಗಿ ಎಳೆಯಬಹುದೆಂದು ಡಾಕ್ಟರು ಬರೆದುಕೊಟ್ಟ ಚೀಟಿ ಕೈಯಲ್ಲಿದೆ.

“ದುಪ್ಪಟಿ ಯಾಕಮ್ಮ ಹೊದಿಸಿದ್ದೀಯಾ, ಹೆಣಾನಾ ಅದು?”

“ನೀನಾಗ್ತಿದ್ದೆ ಹೆಣ. ಸುಮ್ನೆ ಮನೆಗೆ ಹೋಗು ಲೈಲ್.”

“ಆರು ನಿಮಿಷ ಬಾಕಿ ಇದೆ ನಂದು.”

ಲೈಲ್ ದುಪ್ಪಟಿ ಸರಿಸಿ ಮಷೀನಿನ ಮೇಲೆ ಕೂರುತ್ತಾರೆ. ವರ್ನಾ ಚೀಟಿಯನ್ನು ಎರಡು ಸಲ ಓದಿ, ಸನ್ನೆಕೋಲನ್ನು ಒಂದಕ್ಕೆ ಇಳಿಸಿ, ಆ್ಯಂಬುಲೆನ್ಸಿನ ನಂಬರು ಒತ್ತಿಟ್ಟ ಫೋನು ಹಿಡಿದು ಪಕ್ಕದಲ್ಲಿ ನಿಲ್ಲುತ್ತಾರೆ. ಒಳಗೆ ಬರಲೊಪ್ಪದ ಡೊರೀನ್ ಕಾರಿನಲ್ಲಿ ಕಣ್ಣುಮುಚ್ಚಿ ಕೂತಿರುವುದು ಕಿಟಕಿಯಿಂದ ಕಾಣುತ್ತದೆ. ನನ್ನ ಪೆನ್ನು ಓಡುವುದಿಲ್ಲ.

“ಮಾತಾಡ್ತಾ ಇರು,” ವರ್ನಾ ಗದರುತ್ತಾರೆ. “ಮಾತು ನಿಲ್ಲಿಸಿದ್ರೆ ಒತ್ತಿಬಿಡ್ತೀನಿ.”

ಲೈಲ್ ಮಾತಾಡುತ್ತಾರೆ. ಆ ದಿನ ಮಧ್ಯಾಹ್ನ ಮನೆ ಮುಂದಿನ ಹಿಮ ಎತ್ತುವುದಿತ್ತಂತೆ. ಡೊರೀನ್ ತಮ್ಮ ಅಕ್ಕನ ಮನೆಗೆ ಹೋಗಿದ್ದರಂತೆ. “ನೀನು ಕೂರಿಸದೇ ಇದ್ದಿದ್ರೆ ಸಲಿಕೆ ಹಿಡ್ಕೊಂಡು ಒಬ್ಬನೇ ಬೀಳ್ತಿದ್ದೆ, ವರ್ನಾ. ಸಂಜೆ ಅವಳು ಬರೋವರೆಗೂ ಯಾರೂ ನೋಡ್ತಿರ್ಲಿಲ್ಲ. ಡಾಕ್ಟ್ರೂ ಅದನ್ನೇ ಅಂದ್ರು.”

ಪರದೆ ಆರು ನಿಮಿಷ ತೋರಿಸಿದಾಗ ವರ್ನಾ ಹಿಡಿಯನ್ನು ತಾವೇ ಕಿತ್ತುಕೊಂಡು, ಲೈಲ್ ಬೆನ್ನಿಗೆ ಜೋರಾಗಿಯೇ ಒಂದು ಗುದ್ದು ಕೊಟ್ಟು, ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ. ಡೊರೀನ್ ಒಳಬಂದು ಗಂಡನನ್ನೂ ಮಷೀನನ್ನೂ ಒಂದೇ ಸಮ ಬೈಯುತ್ತ ಎರಡನ್ನೂ ಕಾರಿಗೆ ಸಾಗಿಸುತ್ತಾರೆ.

ಕಾರು ಇಳಿಜಾರು ದಾಟುವಷ್ಟರಲ್ಲಿ ವರ್ನಾರ ಫೋನು ಬಡಿದುಕೊಳ್ಳುತ್ತದೆ. ಯಾರದೋ ನೆಲಮಾಳಿಗೆ, ಯಾರಿಗೋ ಬೇಡವಾದ ಮಷೀನು.

“ಗುರುವಾರ ಬರ್ತೀನಿ,” ಎನ್ನುತ್ತಾರೆ. “ಅಷ್ಟರಲ್ಲಿ ಡಾಕ್ಟ್ರನ್ನ ಒಂದು ಮಾತು ಕೇಳಿಟ್ಟಿರಿ. ಒಯ್ಯೋಕೆ ಮುಂಚೆ ನೀವು ಹತ್ತು ನಿಮಿಷ ಕೂತ್ಕೋಬೇಕು.”