ಬಾಟಲಿಯ ತಳದಲ್ಲಿ ಉಳಿದಿದ್ದ ಹೆಪ್ಪು

ಬೀದಿದೀಪಗಳು ಇನ್ನೂ ಆರಿಲ್ಲ. ಹಳೆಯ ಗ್ಯಾರೇಜಿಗೆ ಸುಣ್ಣ ಬಳಿದು, ನೆಲಕ್ಕೆ ಕಲ್ಲು ಹಾಸಿ ಮಾಡಿದ ಪುಟ್ಟ ಬಿಯರ್ ಕಾರ್ಖಾನೆಯ ಬಾಗಿಲನ್ನು ಹೆಪ್ಪಿನಕ್ಕ ಭುಜಕೊಟ್ಟು ತಳ್ಳುತ್ತಾರೆ. ಕಾಲಿಗೆ ರಬ್ಬರ್ ಬೂಟು, ತಲೆಗೆ ಬಿಗಿದ ಬಟ್ಟೆ, ಕೈಯಲ್ಲಿ ಉದ್ದ ಹಿಡಿಯ ಸೌಟು. ಸ್ವಿಚ್ ಒತ್ತುವ ಮೊದಲೇ ಕೊನೆಯ ತೊಟ್ಟಿಯ ಬಳಿ ನಿಂತು ಒಮ್ಮೆ ಮೂಸುತ್ತಾರೆ. ಆಮೇಲೆ ಮುಚ್ಚಳ ಸರಿಸುತ್ತಾರೆ. ಒಳಗೆ ನೊರೆ ಅಂಚಿನವರೆಗೆ ಏರಿ, ಇನ್ನೇನು ಉಕ್ಕಲಿರುವ ಹಾಲಿನಂತೆ ನಡುಗುತ್ತಿದೆ.

"ಎದ್ಯಾ?" ಎಂದು ನೊರೆಯನ್ನು ಮೆಲ್ಲಗೆ ಕೇಳುತ್ತಾರೆ.

ಮೇಲಿನ ಕಂದು ಕೆನೆಯನ್ನು ಸೌಟಿನಿಂದ ತೆಗೆದು ಚೆಲ್ಲುತ್ತಾರೆ. ಅದರಡಿಯ ಬಿಳಿ ನೊರೆಯನ್ನು ಮಾತ್ರ ಜೋಪಾನವಾಗಿ ಸ್ಟೀಲ್ ಕ್ಯಾನಿಗೆ ತುಂಬುತ್ತಾರೆ. ಬಾರ್ಲಿ ಬೇಯಿಸಿ ಬಸಿದ ಸಿಹಿನೀರನ್ನು ಬಿಯರ್ ಮಾಡುವುದು ಈ ನೊರೆಯಲ್ಲಿರುವ ಯೀಸ್ಟ್. ಮೊಸರಿಗೆ ಹೆಪ್ಪು ಉಳಿಸಿಕೊಳ್ಳುವ ಹಾಗೆ ಒಂದು ತೊಟ್ಟಿಯಿಂದ ತೆಗೆದದ್ದನ್ನು ಮುಂದಿನ ತೊಟ್ಟಿಗೆ ಹಾಕಬೇಕು. ಸೇರಿದ ಹೊಸತರಲ್ಲಿ ಇವರು ಅದನ್ನು ಹೆಪ್ಪು ಎಂದೇ ಕರೆದರು. ಕಾರ್ಖಾನೆಯಲ್ಲಿ ಆ ಮಾತೇ ನಿಂತಿತು, ಹೆಸರು ಇವರಿಗೂ ಅಂಟಿತು.

ಅದಕ್ಕೂ ಮೊದಲು ಅವರು ಬೇಕರಿಯಲ್ಲಿ ಹಿಟ್ಟು ನಾದುತ್ತಿದ್ದವರು. ಬೇಕರಿ ಮುಚ್ಚಿತು. ಗಂಡ ಇದೇ ಕಾರ್ಖಾನೆಯ ವ್ಯಾನ್ ಓಡಿಸುತ್ತಿದ್ದುದರಿಂದ ನೆಲ ತೊಳೆಯುವ ಕೆಲಸ ಸಿಕ್ಕಿತು. ಪೀಪಾಯಿಗಳನ್ನು ಊರೂರಿಗೆ ಸಾಗಿಸುವ ಆ ಮನುಷ್ಯ ಒಂದು ತೊಟ್ಟು ಬಿಯರನ್ನೂ ನಾಲಿಗೆಗೆ ತಾಗಿಸಿದವರಲ್ಲ. ಅವರ ತಾಯಿಯಂತೂ ಇನ್ನೂ ಒಂದು ಕೈ ಮೇಲು. ಸೊಸೆ ಕುಡಿತದ ಕಾರ್ಖಾನೆಗೆ ಹೋಗುತ್ತಾಳೆಂದು ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡೇ ಊಟ ಮಾಡಿದರು. ತೊಟ್ಟಿ ತೊಳೆಯುವ ಕ್ಷಾರದ ನೀರಿಗೆ ಸೊಸೆಯ ಬೆರಳ ಸಂದುಗಳು ಬಿರಿದು ರಕ್ತ ಬಂದ ದಿನ ಮಾತ್ರ ಒಂದು ಬಟ್ಟಲು ಎಣ್ಣೆ ಬಿಸಿ ಮಾಡಿ ಮುಂದಿಟ್ಟರು.

ದಿನವೂ ಎರಡು ತೊಟ್ಟಿ ತಿಕ್ಕಬೇಕು, ನಲವತ್ತು ಪೀಪಾಯಿ ತೊಳೆಯಬೇಕು. ಒದ್ದೆ ನೆಲದಲ್ಲಿ ನಿಂತು ನಿಂತು ಸಂಜೆಗೆ ಪಾದ ಊದಿಕೊಳ್ಳುತ್ತದೆ. ಆದರೂ ಹೆಪ್ಪು ತೆಗೆಯುವ ಕೆಲಸವನ್ನು ಹೆಪ್ಪಿನಕ್ಕ ಯಾರಿಗೂ ಬಿಟ್ಟುಕೊಡುವುದಿಲ್ಲ. ಹೊತ್ತು ತಪ್ಪಿದರೆ ನೊರೆ ಕುಸಿಯುತ್ತದೆ, ಕುಸಿದ ಮೇಲೆ ತೆಗೆದರೆ ಕಹಿ. ಈ ಕಾರ್ಖಾನೆಯ ಬಿಯರಿನಲ್ಲಿ ಲವಂಗದ ಒಂದು ಎಳೆ, ಮಾಗಿದ ಹಣ್ಣಿನ ಒಂದು ಎಳೆ ಇದೆ. ಬಾರ್ಲಿಯನ್ನು ಯಾರು ಬೇಕಾದರೂ ತರಬಹುದು. ಆ ರುಚಿ ಮಾತ್ರ ಹೆಪ್ಪಿನದು.

ಹೆದ್ದಾರಿ ಬದಿಯ ಊರಾದ್ದರಿಂದ, ಊರೂರು ಸುತ್ತಿ ಹೊಸ ಬಿಯರ್ ಹುಡುಕುವ ಪ್ರವಾಸಿಗರು ಇಲ್ಲಿಗೆ ಬರುತ್ತಲೇ ಇರುತ್ತಾರೆ. ಅವರ ಪೈಕಿ ಕೆಲವರು ತಾವೇ ಸಣ್ಣದಾಗಿ ಬಿಯರ್ ಮಾಡುವವರು. ಸ್ವಲ್ಪ ಹೆಪ್ಪು ಸಿಗುತ್ತದೆಯೇ ಎಂದು ಕೇಳುತ್ತಾರೆ. ಈ ಕಸುಬಿನಲ್ಲಿ ಅದಕ್ಕೆ ಇಲ್ಲ ಎನ್ನುವ ರೂಢಿಯಿಲ್ಲ. ಹೆಪ್ಪಿನಕ್ಕ ಹಾಲಿನ ಕ್ಯಾನು ತಂದವರಿಗೂ ಕೊಟ್ಟರು, ಫ್ಲಾಸ್ಕು ತಂದವರಿಗೂ ಕೊಟ್ಟರು. ಕಂಕುಳಲ್ಲಿ ಕೂಸಿದ್ದ ಒಬ್ಬ ಹೆಂಗಸಿನ ಬಳಿ ಪಾತ್ರೆಯೇ ಇರಲಿಲ್ಲ. ಅವಳ ಮಗುವಿನ ಹಾಲಿನ ಬಾಟಲಿಯನ್ನೇ ಕುದಿಸಿ ತೊಳೆದು ತುಂಬಿಕೊಟ್ಟರು. ಯಾರು, ಎಲ್ಲಿಯವರು ಎಂದು ಯಾರನ್ನೂ ಕೇಳಲಿಲ್ಲ.

ಕಳೆದ ಬೇಸಿಗೆಯಲ್ಲಿ ತೊಟ್ಟಿಗಳಿಗೆ ಬೆಸುಗೆ ಹಾಕಿಸಲೆಂದು ಎಲ್ಲವನ್ನೂ ಖಾಲಿ ಮಾಡಿದ್ದರು. ಹೆಪ್ಪೆಲ್ಲ ತಣ್ಣನೆಯ ಕೋಣೆಯಲ್ಲಿತ್ತು. ಸಾಲು ರಜೆ ಬಂತು, ಕಾರ್ಖಾನೆಗೆ ಬೀಗ ಬಿತ್ತು, ಕೋಣೆ ತಂಪು ಮಾಡುವ ಯಂತ್ರ ಕೆಟ್ಟು ನಿಂತದ್ದು ಯಾರಿಗೂ ತಿಳಿಯಲಿಲ್ಲ. ರಜೆ ಮುಗಿಸಿ ಬಂದು ಬಾಗಿಲು ತೆಗೆದಾಗ ಸುಟ್ಟ ರಬ್ಬರಿನಂಥ ನಾತ. ಕ್ಯಾನುಗಳ ಮುಚ್ಚಳ ಹಾರಿ ಮೂಲೆಯಲ್ಲಿ ಬಿದ್ದಿದ್ದವು, ಒಳಗಿನ ಹೆಪ್ಪೆಲ್ಲ ಸತ್ತಿತ್ತು.

ಮಾಲೀಕ ಪೊಟ್ಟಣದ ಯೀಸ್ಟ್ ತರಿಸಿ ಮಾಡಿ ನೋಡಿದ. ಬಿಯರಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬಾರಿನವರು ಒಬ್ಬೊಬ್ಬರಾಗಿ ಪೀಪಾಯಿ ಹಿಂದಕ್ಕೆ ಕಳಿಸಿದರು. ಚೆನ್ನಾಗಿದೆ, ಆದರೆ ಇದು ನಿಮ್ಮದಲ್ಲ ಎಂದರು. ತಿಂಗಳು ಕಳೆಯುವಷ್ಟರಲ್ಲಿ ಮಾಲೀಕ ತೊಟ್ಟಿಗಳನ್ನು ಮಾರುವ ಮಾತೆತ್ತಿದ.

"ಅಕ್ಕಾ, ಎಲ್ಲರ ಹಾಗಿರೋ ಬಿಯರ್ ಮಾಡೋಕೆ ಎಲ್ಲರೂ ಇದ್ದಾರೆ. ನಾವ್ಯಾಕೆ?" ಎಂದನಂತೆ. ಎಲ್ಲಾದರೂ ಯಾರ ಬಳಿಯಾದರೂ ನಮ್ಮದು ಉಳಿದಿರಬಹುದು, ಹುಡುಕಿ ಬರುತ್ತೇನೆ, ಅಲ್ಲಿಯವರೆಗೆ ಮಾರಬೇಡ ಎಂದು ಹೆಪ್ಪಿನಕ್ಕ ಕೇಳಿಕೊಂಡರು. ಅವನು ಮುಂದಿನ ತಿಂಗಳ ಕೊನೆಯವರೆಗೆ ಗಡುವು ಕೊಟ್ಟ.

ಗಂಡಹೆಂಡತಿ ವ್ಯಾನ್ ಹತ್ತಿದರು. ದಾರಿಯುದ್ದಕ್ಕೂ ಕಂಡ ಕಾರ್ಖಾನೆ, ಬಾರು, ಅಂಗಡಿ ಒಂದನ್ನೂ ಬಿಡಲಿಲ್ಲ. ಕಿತ್ತಳೆ ಸಿಪ್ಪೆಯ ಬಿಯರ್, ಕಾಫಿಯಂಥ ಕಪ್ಪು ಬಿಯರ್, ಹೊಗೆಯ ವಾಸನೆಯದು, ಉಪ್ಪುಪ್ಪಾದದ್ದು, ಹುಣಸೆಯಂತೆ ಹಲ್ಲು ಜುಮ್ಮೆನ್ನಿಸುವುದು. ಪ್ರಪಂಚದಲ್ಲಿ ಇಷ್ಟು ಬಗೆ ಇದೆಯೆಂದು ಅವರಿಗೆ ಗೊತ್ತೇ ಇರಲಿಲ್ಲ. ಮೂಸಬೇಕು, ಒಂದು ಗುಟುಕು ಬಾಯಲ್ಲಿ ಹಿಡಿಯಬೇಕು, ಉಗಿಯಬೇಕು, ಮುಂದಿನದಕ್ಕೆ ಹೋಗಬೇಕು. ಪಕ್ಕದಲ್ಲಿ ಗಂಡ ಸೋಡಾ ಹೀರುತ್ತ ಕೂತಿರುತ್ತಿದ್ದರು. ಒಂದು ಬಾರಿನಲ್ಲಿ ಬಡಿಸುವವನು ಸೋಡಾವನ್ನು ಹೆಂಗಸಿನ ಮುಂದೆ, ಬಿಯರನ್ನು ಗಂಡಸಿನ ಮುಂದೆ ಇಟ್ಟ. ಇವರು ಗ್ಲಾಸು ಅದಲುಬದಲು ಮಾಡಿಕೊಂಡದ್ದನ್ನು ನೋಡಿ, "ಮನೇಲಿ ಅಡುಗೆ ಯಾರು ಸ್ವಾಮಿ?" ಎಂದು ಗಂಡನನ್ನು ಕೇಳಿದ. ಆ ಪ್ರಯಾಣದಲ್ಲಿ ತಾವು ನಕ್ಕದ್ದು ಅದೊಂದೇ ಸಲ ಎನ್ನುತ್ತಾರೆ ಹೆಪ್ಪಿನಕ್ಕ.

ಹಾಲಿನ ಕ್ಯಾನಿನವನ ಕಾರ್ಖಾನೆ ಸಿಕ್ಕಿತು. ಅವನು ಆ ಹೆಪ್ಪನ್ನು ಬಿಟ್ಟು ಬೇರೆಯದಕ್ಕೆ ಬದಲಾಯಿಸಿ ಎರಡು ವರ್ಷವಾಗಿತ್ತು. ಫ್ಲಾಸ್ಕಿನವನ ಪತ್ತೆಯೇ ಇಲ್ಲ. ಮಾಲೀಕ ಕೊಟ್ಟ ಗಡುವು ಹತ್ತಿರ ಬಂದು ವ್ಯಾನ್ ಹಿಂದಕ್ಕೆ ತಿರುಗಿತು. ಗಂಡ ಚಹಾಕ್ಕೆಂದು ನಿಲ್ಲಿಸಿದ ಕಡೆ ಎದುರಿಗೊಂದು ಬಿಯರ್ ಅಂಗಡಿ. ಕೆಳಗಿನ ಹಲಗೆಯ ಮೇಲೆ ಧೂಳು ಹಿಡಿದ ಮೂರು ಬಾಟಲಿ. ತಳದಲ್ಲಿ ಗಸಿ ಕೂತಿದೆ, ಗಿರಾಕಿಗಳು ಹಾಳಾಗಿದೆ ಅಂತಾರೆ, ಅರ್ಧ ಬೆಲೆಗೆ ಒಯ್ಯಿರಿ ಎಂದು ಅಂಗಡಿಯವರು ಸಂಕೋಚದಿಂದಲೇ ಹೇಳಿದರು.

ಸೋಸದೆ ತುಂಬಿದ ಬಿಯರಿನ ತಳದ ಗಸಿಯೆಂದರೆ ಮಲಗಿರುವ ಹೆಪ್ಪು. ವ್ಯಾನಿನ ಮೆಟ್ಟಿಲ ಮೇಲೆ ಕೂತು ಹೆಪ್ಪಿನಕ್ಕ ಒಂದನ್ನು ತೆರೆದರು. ಬಿಯರ್ ಇದ್ದಿಲಿನಷ್ಟು ಕಪ್ಪು. ಮೂಸಿದರು. ಇನ್ನೊಮ್ಮೆ ಮೂಸಿ, "ರೀ, ಇದು ನಮ್ಮದು" ಎಂದರು.

ಕರ್ರಗಿದೆಯಲ್ಲೇ, ನಮ್ಮದು ಹೇಗಾಗುತ್ತೆ ಎಂದು ಗಂಡನಿಗೆ ಅನುಮಾನ.

"ಮಗೂಗೆ ಬೇರೆಯವರು ಕಪ್ಪು ಅಂಗಿ ಹಾಕಿದ್ರೆ ಗುರುತು ಸಿಗಲ್ವಾ?"

ಬಾಟಲಿಗೆ ಅಂಟಿಸಿದ ಚೀಟಿಯ ಮೇಲಿದ್ದ ನಂಬರಿಗೆ ಫೋನ್ ಮಾಡಿದರು. ಅತ್ತ ಕಡೆ ಮಕ್ಕಳ ಗಲಾಟೆ. ವಿಷಯ ಕೇಳಿದ ಹೆಂಗಸು, "ಹಾಲಿನ ಬಾಟ್ಲಿಗೆ ತುಂಬಿಕೊಟ್ರಲ್ಲ, ಆ ಅಕ್ಕನಾ?" ಎಂದಳು. ಎರಡನೇ ಮಗುವಾದ ಮೇಲೆ ಬಿಯರ್ ಮಾಡುವುದನ್ನೇ ಬಿಟ್ಟಿದ್ದಳಂತೆ. ಆ ಮೂರೇ ಕೊನೆಯವು.

ಕಾರ್ಖಾನೆಯ ಕೆಲಸ ನಿಂತಿದ್ದರಿಂದ ಬಾಟಲಿಗಳು ಮನೆಗೆ ಬಂದವು. ಕುದಿಸಿದ ಗಾಜಿನ ಜಾಡಿ, ತಣಿಸಿದ ಬಾರ್ಲಿಯ ಸಿಹಿನೀರು, ಅದಕ್ಕೆ ಚಮಚದಷ್ಟು ಗಸಿ. ಅಡುಗೆಮನೆಯ ಗೂಡಿನಲ್ಲಿಟ್ಟು ಕಾದರು. ಮೊದಲ ದಿನ ಏನೂ ಇಲ್ಲ, ಮರುದಿನವೂ ಇಲ್ಲ. ಮೂರನೇ ದಿನ ಮಧ್ಯಾಹ್ನ ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಾಗ ಒಳಗಿನಿಂದ ಅತ್ತೆಯ ದನಿ ಕೇಳಿತು. "ಬಾರೇ ಇಲ್ಲಿ, ನಿನ್ನ ಕೂಸು ಉಸಿರಾಡ್ತಾ ಇದೆ."

ಜಾಡಿಯ ಮೈಗೆ ಗುಳ್ಳೆಗಳು ಹತ್ತಿದ್ದವು, ಮೇಲೆ ಬೆರಳಗಲದ ಬಿಳಿ ನೊರೆ. ಒದ್ದೆ ಕೈಯಲ್ಲೇ ಹೆಪ್ಪಿನಕ್ಕ ನೆಲದ ಮೇಲೆ ಕೂತುಬಿಟ್ಟರು. ಅತ್ತೆ ಪಕ್ಕಕ್ಕೆ ಬಂದು ಕೂತರು, ಜಾಡಿಯ ಮೇಲಿನ ಕಣ್ಣು ತೆಗೆಯಲಿಲ್ಲ.

ಜಾಡಿಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ತೊಟ್ಟಿಗೆ. ಹೊಸ ಪೀಪಾಯಿ ತಲುಪಿದ ವಾರದಲ್ಲೇ ಬಾರಿನವರು ಇನ್ನಷ್ಟು ಕಳಿಸಿ ಎಂದರು. ತೊಟ್ಟಿ ಕೊಳ್ಳಲು ಬಂದವನನ್ನು ಮಾಲೀಕ ಒಂದು ಗ್ಲಾಸು ಕುಡಿಸಿ ವಾಪಸು ಕಳಿಸಿದನಂತೆ. ಈಗ ಹೆಪ್ಪು ಕೇಳಿಕೊಂಡು ಯಾರಾದರೂ ಬಂದರೆ ಹೆಪ್ಪಿನಕ್ಕ ಕ್ಯಾನಿನ ಕುತ್ತಿಗೆಯವರೆಗೂ ತುಂಬಿಕೊಡುತ್ತಾರೆ. ಈಗಲೂ ಹೆಸರು ಕೇಳುವುದಿಲ್ಲ. ಅದೇಕೆ ಎಂದರೆ ನಗುತ್ತಾರೆ. ಕುಡಿದು ನೋಡಿದರೆ ಗೊತ್ತಾಗುತ್ತದಲ್ಲ ಎನ್ನುತ್ತಾರೆ.

ಇನ್ನೇನು ಆಸೆ ಇದೆ ಎಂದರೆ ಬೂಟಿನ ನೀರು ಚೆಲ್ಲುತ್ತ ಹೇಳುತ್ತಾರೆ.

"ಆವತ್ತು ಅಷ್ಟೊಂದು ಬಿಯರ್ ಬಾಯಿಗೆ ಹಾಕ್ಕೊಂಡೆ. ನಮ್ಮದಲ್ಲ ಅಂತ ಎಲ್ಲಾನೂ ಉಗಿದೆ, ಪಾಪ. ಅವರೂ ಕಷ್ಟಪಟ್ಟೇ ಮಾಡಿರ್ತಾರೆ. ಇನ್ನೊಂದು ಸಲ ಅದೇ ದಾರೀಲಿ ಹೋಗ್ಬೇಕು. ಎಲ್ಲಾದ್ರೂ ಒಂದು ಕಡೆ ಆರಾಮಾಗಿ ಕೂತು ಒಂದು ಗ್ಲಾಸ್ ಪೂರ್ತಿ ಕುಡೀಬೇಕು, ಏನನ್ನೂ ಹುಡುಕದೆ."