ಚೀಟಿ ಇಲ್ಲದೆ ಪೆಟ್ಟಿಗೆ ಇಲ್ಲ

ಬೆಳಗಿನ ಆರು ಗಂಟೆ. ಫ್ಯಾನ್ ಕಾರ್ಖಾನೆಯ ದೀಪಗಳೆಲ್ಲ ಹೊತ್ತಿಕೊಳ್ಳುವಷ್ಟರಲ್ಲಿ ಚೀಟಿ ಅಕ್ಕ ತಳ್ಳುಗಾಡಿಯ ಚಕ್ರಗಳಿಗೆ ಎಣ್ಣೆ ಬಿಟ್ಟು ಮುಗಿಸಿದ್ದಾರೆ. ಆಮೇಲೆ ಸೊಂಟ ಬಗ್ಗಿಸಿ ಜೋಡಣೆ ಸಾಲಿನ ಮೇಜುಗಳಡಿ ಇಣುಕುತ್ತಾ ಹೊರಡುತ್ತಾರೆ. ಮೂರನೇ ಮೇಜಿನಡಿ ಹಳೇ ಬಿಸ್ಕತ್ತಿನ ಡಬ್ಬಿ, ಅದರೊಳಗೆ ಮುಷ್ಟಿ ತುಂಬ ಸ್ಕ್ರೂ.

"ಇದೇನ್ರಪ್ಪಾ, ಮರಿ ಹಾಕ್ಲಿ ಅಂತ ಇಟ್ಟಿದ್ದೀರಾ?"

ಸಾಲಿಗೆ ಸಾಲೇ ನಗುತ್ತದೆ. ಡಬ್ಬಿಯ ಒಡೆಯ ಮಾತ್ರ ತನಗೂ ಅದಕ್ಕೂ ಸಂಬಂಧವೇ ಇಲ್ಲವೆಂಬಂತೆ ಸೂರು ನೋಡುತ್ತಾನೆ.

ಅಕ್ಕನ ಕೆಲಸ ಕೇಳಲು ಸುಲಭ. ಬಿಡಿಭಾಗಗಳ ಪ್ರತಿ ಪೆಟ್ಟಿಗೆಗೂ ಒಂದು ಹಳದಿ ಚೀಟಿ. ಪೆಟ್ಟಿಗೆ ಖಾಲಿಯಾದರೆ ಆ ಚೀಟಿ ಅಕ್ಕನ ಕೈಗೆ. ಅದನ್ನು ಕೊಟ್ಟರಷ್ಟೇ ಇನ್ನೊಂದು ತುಂಬಿದ ಪೆಟ್ಟಿಗೆ. ಬೇಕಾದಾಗ ಬೇಕಾದಷ್ಟೇ ತರುವ ಈ ಪದ್ಧತಿ ಜಪಾನಿನ ಕಾರ್ಖಾನೆಗಳಿಂದ ಬಂದದ್ದು. ದಿನಕ್ಕೆ ಇಪ್ಪತ್ತೆರಡು ಸುತ್ತು, ಹನ್ನೊಂದು ಕಿಲೋಮೀಟರ್ ನಡಿಗೆ. ಒಮ್ಮೆ ಖುದ್ದು ಮ್ಯಾನೇಜರೇ ಪೆಟ್ಟಿಗೆ ಕೇಳಿದಾಗ "ಚೀಟಿ ಎಲ್ಲಿ ಸಾರ್?" ಎಂದು ಕೈ ಚಾಚಿದ ಮಹಾತಾಯಿ ಇವರು.

ಬೆನ್ನುನೋವಿನಿಂದ ಗಂಡ ಲಾರಿ ಓಡಿಸುವುದನ್ನು ಬಿಟ್ಟ ವರ್ಷ ಅಕ್ಕ ಇಲ್ಲಿ ಕಸ ಗುಡಿಸಲು ಸೇರಿದರು. ಆಗ ಉಗ್ರಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ವರ್ಷಗಟ್ಟಲೆ ಯಾರೂ ಮುಟ್ಟದ ಬೋಲ್ಟುಗಳು ಕಪಾಟಿನಲ್ಲಿ ತುಕ್ಕು ಹಿಡಿಯುತ್ತಿದ್ದವು. ಹೆಂಗಸರ ಊಟ ಮಾತ್ರ ಮೆಟ್ಟಿಲ ಮೇಲೆ, ಹತ್ತಿಳಿಯುವವರ ಕಾಲಡಿ.

"ಬೋಲ್ಟಿಗೆ ಕೋಣೆ, ನಮಗೆ ಮೆಟ್ಟಿಲು. ಯಾವ ನ್ಯಾಯ ನೀವೇ ಹೇಳಿ?"

ಚೀಟಿ ಪದ್ಧತಿ ಬಂದು, ಪೊರಕೆ ಹಿಡಿದ ಅಕ್ಕನ ಕೈಗೆ ಗಾಡಿ ಸಿಕ್ಕಿ, ಉಗ್ರಾಣ ಬರಿದಾಗತೊಡಗಿದ್ದೇ ತಡ, ಆ ಕೋಣೆ ನಮಗೆ ಬೇಕೆಂದು ಅಕ್ಕ ಪಟ್ಟು ಹಿಡಿದರು. ಮ್ಯಾನೇಜರ್ ಷರತ್ತು ಹಾಕಿದರು: ಬಿಡಿಭಾಗದ ಕೊರತೆಯಿಂದ ಅರವತ್ತು ದಿನ ಸಾಲು ಒಮ್ಮೆಯೂ ನಿಲ್ಲಬಾರದು. ನಿಂತರೆ ಕಪಾಟುಗಳಿಗೆ ಮತ್ತೆ ದಾಸ್ತಾನು.

ಐವತ್ತೊಂಬತ್ತು ದಿನ ನಿರಾತಂಕವಾಗಿ ಕಳೆದವು. ಅರವತ್ತನೆಯ ದಿನ, ಅಂದರೆ ಹೋದ ವಾರ, ಮಧ್ಯಾಹ್ನ ಮೂರಕ್ಕೆ ರೆಕ್ಕೆ ಜೋಡಿಸುವ ಮೇಜಿನಲ್ಲಿ ಬೋಲ್ಟು ಮುಗಿಯಿತು. ಅದರ ಚೀಟಿ ಸಿಕ್ಕಿದ್ದು ಅಕ್ಕನ ಜೇಬಿನಲ್ಲೇ, ಕರವಸ್ತ್ರದ ಮಡಿಕೆಯೊಳಗೆ.

"ಅಕ್ಕಾ, ನನ್ನ ಟೂಲ್ ಡಬ್ಬಿ ಅಡೀಲಿ ಒಂದಷ್ಟಿದೆ," ರೆಕ್ಕೆ ಜೋಡಿಸುವವಳು ಪಿಸುಗುಟ್ಟಿದಳು. "ಹೋದ ವರ್ಷದ್ದು. ಯಾರಿಗೂ ಗೊತ್ತಾಗಲ್ಲ."

ಹೋದ ವರ್ಷ ತಲೆ ಮುರಿಯುವ ಬೋಲ್ಟುಗಳು ಬಂದು, ಅಷ್ಟನ್ನೂ ವಾಪಸು ಕಳಿಸಿದ್ದರು. ಬಚ್ಚಿಟ್ಟವು ಹೋಗಿರಲಿಲ್ಲ. ಆ ಫ್ಯಾನು ನಾಳೆ ಯಾರದೋ ತಲೆಯ ಮೇಲೆ ತಿರುಗಬೇಕು. ಅಕ್ಕ ಕಣ್ಣು ಮುಚ್ಚಿ, ಸಾಲು ನಿಲ್ಲಿಸುವ ಹಗ್ಗ ಜಗ್ಗಿಯೇಬಿಟ್ಟರು. ಹೆಂಗಸರ ಮುಖಗಳು ಇಷ್ಟಿಷ್ಟಾದವು.

ಮ್ಯಾನೇಜರ್ ಬಂದರು. ತಪ್ಪಾದರೆ ಬೈಯಬಾರದು, ಐದು ಸಲ 'ಯಾಕೆ' ಎಂದು ಕೇಳಬೇಕು ಎನ್ನುವುದೂ ಅದೇ ಪದ್ಧತಿಯ ಪಾಠ.

"ಸಾಲು ಯಾಕೆ ನಿಂತಿತು?"

"ಬೋಲ್ಟು ಬರ್ಲಿಲ್ಲ ಸಾರ್."

"ಯಾಕೆ?"

"ಚೀಟಿ ಜೇಬಲ್ಲೇ ಉಳೀತು. ತಪ್ಪು ನಂದೇ."

"ಜೇಬಿಗೆ ಯಾಕೆ ಹಾಕಿದ್ರಿ?"

"ಎರಡೂ ಕೈಲಿ ಗಾಡಿ ತಳ್ಬೇಕಲ್ಲ?"

"ಚೀಟಿ ಸಿಗಿಸೋಕೆ ಗಾಡಿಗೆ ಕೊಕ್ಕೆ ಯಾಕಿಲ್ಲ?"

"ಹಾಕ್ಸಿಕೊಡಿ ಅಂತ ಎರಡು ತಿಂಗಳ ಹಿಂದೆನೇ ಬರ್ಕೊಟ್ಟಿದ್ದೆ."

"ಮತ್ತೆ ಯಾಕೆ ಹಾಕ್ಸಿಲ್ಲ?"

"ಅದನ್ನ ನೀವೇ ಹೇಳ್ಬೇಕು ಸಾರ್."

ಮ್ಯಾನೇಜರ್ ಕಚೇರಿಗೆ ಹೋಗಿ ಮೇಜಿನ ಖಾನೆ ಎಳೆದು ನೋಡಿದರು. ಅಕ್ಕ ಕೊಟ್ಟ ಕಾಗದ ಮಡಿಕೆ ಕೂಡ ಬಿಚ್ಚದೆ ಅಲ್ಲೇ ಬಿದ್ದಿತ್ತು. ಕಿವಿ ಕೆಂಪಗೆ ಮಾಡಿಕೊಂಡು ಮರಳಿ ಬಂದು, ಎಲ್ಲರೆದುರು ಹೇಳಿದರು: "ಸಾಲು ನಿಲ್ಲಿಸಿದ್ದು ಅಕ್ಕ ಅಲ್ಲ, ನಾನು. ಕೋಣೆ ನಿಮ್ದೇ." ಸಂಜೆ ಕೊನೆಯ ಕಪಾಟಿನ ಒಂದು ತುದಿ ಹಿಡಿದು ಹೊರಗೆ ಸಾಗಿಸಿದವರೂ ಅವರೇ.

ಈಗ ಆ ಕೋಣೆಯಲ್ಲಿ ಮೂವತ್ತು ಜನ ಆರಾಮಾಗಿ ಕೂತು ಉಣ್ಣುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದರೆ ಅಕ್ಕ ಗೋಡೆ ತೋರಿಸುತ್ತಾರೆ.

"ಒಂದು ಕಿಟಕಿ ಆಗ್ಬೇಕು. ಬೋಲ್ಟಿಗೇನು ಗಾಳಿ ಬೇಕಿತ್ತಾ? ನಮಗೆ ಬೇಕು. ಅರ್ಜಿ ಬರೆದಿಟ್ಟಿದ್ದೀನಿ. ಈ ಸಲ ಅವರು ಪೂರ್ತಿ ಓದೋವರೆಗೂ ಎದುರಿಗೇ ನಿಂತಿರ್ತೀನಿ."