ಕುದುರೆಗೆ ಕೇಳುವಷ್ಟು ದನಿ

ನನ್ನ ದನಿ ಅಡುಗೆಮನೆ ದಾಟಿ ಹಾಲ್‌ಗೆ ಬರುವುದೇ ಕಷ್ಟ. ನನ್ನ ಯಜಮಾನರದು ಹಾಗಲ್ಲ. ನಾಗಸಂದ್ರದ ಕಾರ್ಖಾನೆಯಲ್ಲಿ ಯಂತ್ರಗಳ ನಡುವೆ ಮಾತಾಡಿ ಮಾತಾಡಿ, ಮೊದಲೇ ದೊಡ್ಡದಾಗಿದ್ದ ಹಾವೇರಿ ಕಡೆಯ ಆ ದನಿ ಇನ್ನಷ್ಟು ದೊಡ್ಡದಾಗಿತ್ತು. ಅವರು ಊಟಕ್ಕೆ ಕೂತು ಉಪ್ಪು ಕೇಳಿದರೆ ಬ್ಯಾಟರಾಯನಪುರದ ನಮ್ಮ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಈಗ ಮನೆ ಎಷ್ಟು ಸುಮ್ಮನಿದೆಯೆಂದರೆ, ಫ್ರಿಜ್‌ನ ಸದ್ದು ನಿಂತರೂ ತಿರುಗಿ ನೋಡುತ್ತೇನೆ.

ಮಗಳು ಯಲಹಂಕದ ಆಚೆ ಕುದುರೆ ಸವಾರಿ ಕಲಿಯುತ್ತಾಳೆ. ಅವಳು ಮೊದಲ ಸಲ ಡ್ರೆಸಾಜ್ ಸ್ಪರ್ಧೆಗೆ ಸಿದ್ಧಳಾಗುತ್ತಿದ್ದಾಗ ಅವರು ಇನ್ನೂ ಇದ್ದರು. ಡ್ರೆಸಾಜ್ ಅಂದರೆ ಓಟದ ಪಂದ್ಯವಲ್ಲ. ಮರಳು ಹಾಸಿದ ಅಂಗಳದ ಸುತ್ತ ಇಂಗ್ಲಿಷ್ ಅಕ್ಷರಗಳ ಫಲಕ ನಿಲ್ಲಿಸಿರುತ್ತಾರೆ. ಇಂಥ ಅಕ್ಷರದ ಬಳಿ ನಡೆಯಬೇಕು, ಇಂಥಲ್ಲಿ ದುಂಡಗೆ ತಿರುಗಬೇಕು, ಇಂಥಲ್ಲಿ ಅಲುಗಾಡದೆ ನಿಲ್ಲಬೇಕು. ಹೊಸಬರಿಗೆ ದುಬಾರಿ ಕುದುರೆ ಏನೂ ಬೇಡ ಎಂದು ಕೋಚ್ ಮೊದಲೇ ಹೇಳಿದ್ದರು. ಗಾಬರಿಯಾಗದೆ ಒಂದೇ ಲಯದಲ್ಲಿ ಹೆಜ್ಜೆ ಹಾಕಿದರೆ ಸಾಕು. ಬಾಯಿ ನೋಯಿಸದ ಸಾದಾ ಕಡಿವಾಣ, ಬೆನ್ನಿಗೆ ಸರಿಯಾಗಿ ಕೂರುವ ಜೀನು, ಸವಾರಳ ತಲೆಗೆ ಹೆಲ್ಮೆಟ್, ಹಿಮ್ಮಡಿಯಿರುವ ಬೂಟು. ಉಳಿದದ್ದು ತಾಳ್ಮೆ.

ಮಗಳ ಪಾಲಿಗೆ ಬಂದದ್ದು ರೇಸಿನಿಂದ ನಿವೃತ್ತಿಯಾದ ಕಂದು ಕುದುರೆ. ಗೇಟು ತೆರೆದರೆ ಓಡಬೇಕು ಎನ್ನುವುದೊಂದೇ ಅದಕ್ಕೆ ಗೊತ್ತಿತ್ತು.

"ಓಡೂದು ಬರ್ತೈತಿ ಇದಕ್ಕ. ನಿಲ್ಲೂದು ಕಲಿಸ್ಬೇಕು," ಎಂದು ಅವರು ನಕ್ಕಿದ್ದರು.

ಆರಂಭದ ಹಂತದಲ್ಲಿ ಸವಾರರು ಎಲ್ಲವನ್ನೂ ನೆನಪಿಟ್ಟುಕೊಳ್ಳಬೇಕಿಲ್ಲ. ಅಂಗಳದ ಪಕ್ಕ ಒಬ್ಬರು ನಿಂತು, ಮುಂದೆ ಏನು ಮಾಡಬೇಕೆಂದು ಹಾಳೆ ನೋಡಿ ಕೂಗಬಹುದು. ಆ ಕೆಲಸವನ್ನು ಅವರು ಕೇಳಿ ಪಡೆದರು. ಭಾನುವಾರ ಬೆಳಿಗ್ಗೆ ವಿಮಾನ ಹಾರಿದರೂ "ಸಿ! ಟ್ರ್ಯಾಕ್ ಲೆಫ್ಟ್!" ಎನ್ನುವುದು ಅದರ ಸದ್ದನ್ನೂ ಮೀರಿ ಕೇಳುತ್ತಿತ್ತು. 'ಸಿ' ಫಲಕದ ಬಳಿ ಎಡಕ್ಕೆ ತಿರುಗಬೇಕು ಎಂದರ್ಥ. ಕೊನೆಗೆ ಕುದುರೆ ಅಂಗಳದ ನಡುವೆ ನಿಂತು, ಮಗಳು ತಲೆಬಾಗಿ ವಂದಿಸಿದ ಮೇಲೆ, ಹಾಳೆಯಲ್ಲಿಲ್ಲದ ಮಾತೊಂದನ್ನು ಸೇರಿಸುತ್ತಿದ್ದರು.

"ಸಾಕ್ ಬಿಡವಾ, ಮನಿಗೆ ಹೋಗೂಣು."

ಅದನ್ನು ಕೇಳಿದ್ದೇ ಕುದುರೆ ಕತ್ತು ಇಳಿಬಿಡುತ್ತಿತ್ತು.

"ಅಪ್ಪಾ, ಕಾಂಪಿಟೇಶನ್‌ನಲ್ಲಿ ಹಿಂಗೆಲ್ಲಾ ಎಕ್ಸ್‌ಟ್ರಾ ಮಾತಾಡಂಗಿಲ್ಲ ಕಣಪ್ಪಾ," ಎಂದು ಮಗಳು ರೇಗುತ್ತಿದ್ದಳು.

"ಯಾಕ, ಕುದುರಿಗೆ ಮನಿಗೆ ಹೋಗೂದು ಬ್ಯಾಡೇನು?"

ಆ ಸ್ಪರ್ಧೆಗೆ ಮೊದಲೇ ಅವರು ಹೋಗಿಬಿಟ್ಟರು. ಎದೆನೋವು ಎಂದರು, ಆಸ್ಪತ್ರೆಗೆ ಕರೆದೊಯ್ದೆವು, ಅಷ್ಟೆ.

ಮಗಳು ಬಹಳ ದಿನ ಕುದುರೆ ಹತ್ತಲಿಲ್ಲ. ಮತ್ತೆ ಹತ್ತಿದಾಗ ನನ್ನ ಬಳಿ ಬಂದು, "ಅಮ್ಮ, ಈ ಸಲ ಹೋಗ್ತೀನಿ. ನೀನು ಓದ್ಬೇಕು," ಎಂದಳು.

"ಕೋಚ್ ಓದ್ಲಿ ಬಿಡೇ. ನನ್ನ ದನಿ ಯಾರಿಗೆ ಕೇಳ್ಸುತ್ತೆ?"

"ಅಲ್ಲಿ ಮನೆಯವ್ರೇ ನಿಂತಿರ್ಬೇಕು. ನೀನು ಬರ್ದಿದ್ರೆ ನಾನೂ ಹೋಗಲ್ಲ."

ತಾರಸಿಯ ಮೇಲೆ ರಂಗೋಲಿ ಪುಡಿಯಿಂದ ಅಂಗಳ ಬರೆದೆವು. ಮಗಳೇ ಕುದುರೆಯಾಗಿ ನೀರಿನ ಟ್ಯಾಂಕಿನ ಕಡೆಯಿಂದ ಓಡಿಬರುತ್ತಿದ್ದಳು. ಅಕ್ಷರ ತಲುಪಿದ ಮೇಲೆ ಕೂಗಿದರೆ ಪ್ರಯೋಜನವಿಲ್ಲ, ಅದಕ್ಕೆ ಸ್ವಲ್ಪ ಮುಂಚೆ ಹೇಳಬೇಕು. ನಾನು ತಡಮಾಡಿದಾಗೆಲ್ಲ ಅವಳು ಸೀದಾ ಹೋಗಿ ಒಣಹಾಕಿದ ಸೀರೆಗೆ ನುಗ್ಗಿ, "ಕೇಳ್ಸಲಿಲ್ಲಮ್ಮಾ!" ಎನ್ನುತ್ತಿದ್ದಳು.

ಪಕ್ಕದ ತಾರಸಿಯಿಂದ ನೆರೆಮನೆಯಾಕೆ ಇಣುಕಿ, "ಏನ್ರೀ ಅದು, ಹೌಸಿ ಆಟದ ನಂಬರ್ ಕೂಗ್ತಿದೀರಾ? ನಂಗೂ ಒಂದ್ ಟಿಕೆಟ್ ಕೊಡ್ರಿ!" ಎಂದರು. ಯಜಮಾನರು ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕದ್ದು ಅಂದೇ. ನಗು ನಿಂತ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸ್ಪರ್ಧೆಯ ಬೆಳಿಗ್ಗೆ ಕುದುರೆಯ ಕೇಸರಕ್ಕೆ ಸಣ್ಣ ಸಣ್ಣ ಜಡೆ ಹೆಣೆದವಳು ನಾನೇ. ಕೈಗೆ ಕೆಲಸವಿದ್ದದ್ದು ಒಳ್ಳೆಯದಾಯಿತು. ಗಂಟೆ ಬಾರಿಸಿದರು. ಮಗಳು ಒಳಗೆ ಬಂದಳು. ಹಾಳೆಯ ಮೊದಲ ಸಾಲಿಗೆ ಬೆರಳಿಟ್ಟುಕೊಂಡೆ. ಕುದುರೆ "ಸಿ" ಫಲಕದತ್ತ ಬರುತ್ತಿತ್ತು, ಅದು ನನಗಾಗಿ ಕಾಯುವುದಿಲ್ಲ.

"ಸಿ! ಟ್ರ್ಯಾಕ್ ಲೆಫ್ಟ್!"

ಅದು ನನ್ನ ದನಿಯೇ ಎಂದು ನನಗೇ ಆಶ್ಚರ್ಯವಾಯಿತು. ಒಂದು ಸುತ್ತು ಮೊಟ್ಟೆಯಾಕಾರಕ್ಕೆ ಹೋಯಿತು, ಒಂದು ಕಡೆ ಕುದುರೆ ಹಳೆಯ ನೆನಪಿನಿಂದ ಓಡಲು ನೋಡಿತು. ಮಗಳು ಸಮಾಧಾನವಾಗಿ ತಡೆದಳು. ಕೊನೆಗೆ ನಡುಮಧ್ಯೆ ನಿಂತರು. ಮಗಳು ಒಂದು ಕೈ ಇಳಿಬಿಟ್ಟು ತಲೆಬಾಗಿ ವಂದಿಸಿದಳು. ತೀರ್ಪುಗಾರರೂ ತಲೆಯಾಡಿಸಿದರು.

ಹಾಳೆ ಮುಗಿದಿತ್ತು. ಆದರೂ ಕುದುರೆ ಕತ್ತು ಇಳಿಸಲಿಲ್ಲ. ಕಿವಿ ನಿಮಿರಿಸಿ ನಾನಿದ್ದ ಕಡೆಗೇ ನೋಡುತ್ತ ನಿಂತಿತ್ತು. ಮಗಳೂ ಲಗಾಮು ಸಡಿಲ ಬಿಡಲಿಲ್ಲ. ಇಬ್ಬರೂ ಯಾವುದಕ್ಕೆ ಕಾಯುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನೂ ಕಾಯುತ್ತಿದ್ದೆ.

ಅಂಗಳದಿಂದ ಹೊರಗೆ ಬಂದಾಗ ಅದರ ಬೆವರಿದ ಕತ್ತಿಗೆ ಕೈಯಿಟ್ಟು, "ಸಾಕು ಬಾಪ್ಪಾ, ಮನೆಗೆ ಹೋಗೋಣ," ಎಂದೆ. ಅವರ ಹಾಗೆ ಹೇಳಲು ನನಗೆ ಬರುವುದಿಲ್ಲ. ಕುದುರೆ ಒಂದು ಕಿವಿಯನ್ನಷ್ಟೇ ನನ್ನ ಕಡೆ ತಿರುಗಿಸಿತು. ಇನ್ನೊಂದು, ಯಾರೋ ಬರಬೇಕಿದೆ ಎನ್ನುವಂತೆ ಗೇಟಿನ ಕಡೆಗೇ ಇತ್ತು.

"ನಾನು ಓದಿದ್ದು ಕೇಳಿಸ್ತಾ?" ಎಂದು ಮಗಳನ್ನು ಕೇಳಿದೆ.

"ಎಲ್ಲಾ ಕೇಳಿಸ್ತಮ್ಮಾ," ಎಂದಳು. ಹೆಲ್ಮೆಟ್ ತೆಗೆಯದೆ, ಅವಳೂ ಗೇಟಿನ ಕಡೆಗೇ ನೋಡುತ್ತಿದ್ದಳು.